ನಕ್ಷೆಯ ಒಂದು ಸೆಂಟಿಮೀಟರು

ಬೆಟ್ಟದ ಮೇಲಿನ ಊರಿನಿಂದ
ಏಪ್ರಿಲ್ ೯

ಪ್ರೀತಿಯ ಪುಟ್ಟನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಹೇಳದೆ ಕೇಳದೆ ಹೊರಟುಬಂದು ಐದು ದಿನವಾದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಇಲ್ಲೇ ನಿಲ್ಲಿಸಿ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಮೊದಲೇ ತಿಳಿಸಿದ್ದರೆ ನೀನು ಬಸ್ ನಿಲ್ದಾಣಕ್ಕೇ ಬಂದು ನನ್ನ ಚೀಲ ಕಿತ್ತುಕೊಳ್ಳುತ್ತಿದ್ದೆ. ನಿನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳನ್ನು ಗದರಿಸಬೇಡ, ನಾನೇ ಆಣೆ ಹಾಕಿಸಿಕೊಂಡಿದ್ದೆ.

ಹೌದು, ಅದೇ ಊರಿಗೆ ಬಂದಿದ್ದೇನೆ. ಮೂವತ್ತೊಂದು ವರ್ಷ ನಕ್ಷೆ ಕಚೇರಿಯಲ್ಲಿ ಕೂತು, ಅಳತೆ ತಂಡದ ನೀವೆಲ್ಲ ಬೆಟ್ಟ ಹತ್ತಿ ಪೆನ್ಸಿಲಿನಲ್ಲಿ ಬರೆದು ತಂದದ್ದಕ್ಕೆ ಮಸಿ ಹಾಕಿದವಳು ನಾನು. ನೂರಾರು ಬೆಟ್ಟ ಎಳೆದೆ, ಒಂದನ್ನೂ ಹತ್ತಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನನ್ನ ಮೇಜಿನ ಮೇಲಿನ ಬೆಟ್ಟ ಅದಕ್ಕಿಂತ ನುಣ್ಣಗಿತ್ತು. "ಒಂದ್ಸಲ ಬಾ ಅಕ್ಕಾ, ನೀನು ಎಳೆದ ಗೆರೆ ಮೇಲೆ ನೀನೇ ನಡೆದು ನೋಡು" ಎಂದು ನೀನು ಪ್ರತಿ ಸಲವೂ ಕರೆಯುತ್ತಿದ್ದೆ. ಈಗ ಬಂದಿದ್ದೇನೆ ನೋಡು, ಕರೆದವನನ್ನೇ ಬಿಟ್ಟು.

ಬಸ್ಸು ನಿಲ್ಲುವ ಚೌಕದ ಹಿಂದಿನ ಏರುಬೀದಿಯಲ್ಲಿ ಒಂದು ವಸತಿಗೃಹ. ಬೆಟ್ಟ ಸುತ್ತಲು ಬಂದವರೇ ತುಂಬಿದ್ದಾರೆ. ಬಾಗಿಲಲ್ಲಿ ಕೆಸರು ಬೂಟುಗಳ ಸಾಲು, ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ ಕಾಲುಚೀಲಗಳು. ವಾಸನೆಯ ವಿಷಯ ಬರೆಯುವುದಿಲ್ಲ, ನೀನು ಊಟಕ್ಕೆ ಕೂತು ಓದುತ್ತಿರಬಹುದು. ಯಜಮಾನರು ನಿವೃತ್ತ ಅಂಚೆಯವರು. ಜೀವನವಿಡೀ ಹೆಸರು ಓದಿ ಓದಿ ಸಾಕಾಗಿದೆಯಂತೆ, ಈಗ ಎಲ್ಲರನ್ನೂ ಕೋಣೆಯ ನಂಬರಿನಿಂದಲೇ ಕರೆಯುತ್ತಾರೆ. ನಾನು "ಏಳನೇ ನಂಬರಮ್ಮ". ಬಾಗಿಲ ಪಕ್ಕ ಒಂದು ದಪ್ಪ ಪುಸ್ತಕ ತೂಗುಹಾಕಿದ್ದಾರೆ. ಹೊರಗೆ ಹೊರಟವರು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಅದರಲ್ಲಿ ಬರೆದೇ ಹೋಗಬೇಕು. ಸಂಜೆ ಐದಕ್ಕೆ ಶಾಲೆಯ ಹಾಜರಿಯ ಹಾಗೆ ಕೂಗಿ ಎಣಿಸುತ್ತಾರೆ. ಮೊದಲ ದಿನ ನಾನು ಸುಮ್ಮನೆ "ಬೆಟ್ಟದ ಕಡೆ" ಎಂದು ಗೀಚಿ ಹೋಗಿದ್ದೆ.

"ಏಳನೇ ನಂಬರಮ್ಮ, ಇಲ್ಲಿ ಸುತ್ತ ಇರೋದೆಲ್ಲ ಬೆಟ್ಟಾನೇ. ನೀವು ಬರದೇ ಹೋದ್ರೆ ಯಾವುದರಲ್ಲಿ ಅಂತ ಹುಡುಕಲಿ?"

ಎಲ್ಲರೆದುರು ನಕ್ಷೆ ಕಚೇರಿಯ ಮಾನ ಹೋಯಿತು.

ಬಂದದ್ದು ಯಾಕೆ ಎಂದರೆ, ಹೋದ ತಿಂಗಳು ನನ್ನ ಅಡುಗೆಮನೆಯ ಕಿಟಕಿಗೆ ಗಾಜು ಹಾಕಲು ನೀನು ಬಂದಿದ್ದೆಯಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. ನೀನು ಚೌಕಟ್ಟನ್ನು ನಾಲ್ಕು ಸಲ ಅಳೆದೆ. ಬರೆದುಕೊಂಡೆ. ಮತ್ತೆ ಅಳೆದೆ. ಆಮೇಲೆ ಟೇಪನ್ನು ನನ್ನ ಕೈಗೇ ಕೊಟ್ಟು, "ಅಕ್ಕಾ, ನೀನೊಂದ್ಸಲ ನೋಡಿ ಹೇಳು. ನಂಗೆ ನನ್ನ ಕಣ್ಣ ಮೇಲೆ ನಂಬಿಕೆ ಇಲ್ಲ" ಅಂದೆ. ನಗುತ್ತಲೇ ಅಂದೆ. ಕಣಿವೆಯ ಅಗಲವನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದವನು ನೀನು.

ನಿನಗೆ ಗೊತ್ತಿರುವುದನ್ನೇ ಒಮ್ಮೆ ಬರೆಯುತ್ತೇನೆ, ಬರೆದರೆ ನನಗೆ ಗಟ್ಟಿಯಾಗುತ್ತದೆ. ಹತ್ತೊಂಬತ್ತು ವರ್ಷದ ಕೆಳಗೆ ಈ ಊರಿನ ನಕ್ಷೆಯಲ್ಲಿ, ಮೇಲಿನ ಬೋಳು ಬಂಡೆಯಿಂದ ಕೆಳಗೆ ಕುರಿ ಕಾಯುವವರ ಕಲ್ಲುಗುಡಿಸಲಿನವರೆಗೆ ಒಂದು ಕಾಲುದಾರಿ ಅಚ್ಚಾಯಿತು. ನಡುವೆ ಒಂದು ಸೆಂಟಿಮೀಟರಿನಷ್ಟು ಕಡೆ ದಾರಿಯೇ ಇರಲಿಲ್ಲ. ನೆಲದ ಮೇಲೆ ಅದು ಇನ್ನೂರೈವತ್ತು ಮೀಟರು ಸಡಿಲ ಕಲ್ಲು ಮತ್ತು ಕೊರಕಲು. ನಕ್ಷೆ ನಂಬಿ ಮಂಜಿನಲ್ಲಿ ನಡೆದ ಒಬ್ಬ ಶಾಲಾಮಾಸ್ತರರು ಬಿದ್ದು ಸೊಂಟ ಮುರಿದುಕೊಂಡರು. ವಿಚಾರಣೆಯಾಯಿತು. ನಾನು "ಕೊಟ್ಟ ಹಾಗೆ ಮಸಿ ಹಾಕಿದೆ" ಎಂದೆ. ಬಿಡಿ ಹಾಳೆಗಳನ್ನು ದಾರ ಹಾಕಿ ಕಟ್ಟುತ್ತಿದ್ದ ನಿನ್ನ ಅಳತೆ ಪುಸ್ತಕದಲ್ಲಿ ಆ ದಿನದ ಹಾಳೆಯೇ ಸಿಗಲಿಲ್ಲ. "ಬರೆಯೋಕೆ ಮರೆತಿರಬೇಕು ಸಾರ್" ಎಂದು ನೀನೇ ಒಪ್ಪಿಕೊಂಡೆ. ಕೆಲಸ ಬಿಟ್ಟು ಗಾಜಿನ ಅಂಗಡಿ ಸೇರಿದೆ. ಅಂದಿನಿಂದ ಒಂದು ದಿಣ್ಣೆಯನ್ನೂ ಹತ್ತಿಲ್ಲ.

ಆ ಗೆರೆ ಮಾತ್ರ ಇನ್ನೂ ನಕ್ಷೆಯಲ್ಲಿದೆ. ಹೊರಡುವ ಮೊದಲು ಹಳೆಯ ಕಚೇರಿಗೆ ಹೋಗಿ ಕೇಳಿದೆ. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು. ಕೊನೆಗೆ ಗುಮಾಸ್ತೆಯೊಬ್ಬಳು ನಿಯಮ ತೆಗೆದು ಓದಿದಳು. ಅಚ್ಚಾದ ಗೆರೆ ತೆಗೆಯಬೇಕಾದರೆ ಮೂಲ ಅಳತೆಯ ಹಾಳೆ ಬೇಕು, ಇಲ್ಲವೇ ಸ್ಥಳಕ್ಕೇ ಹೋಗಿ ಎರಡೂ ಕಡೆಯಿಂದ ಅಳೆದ ವರದಿ ಬೇಕು, ಇಬ್ಬರ ಸಹಿ ಇರಬೇಕು. ಸರಿ, ಅಳೆದೇ ಬರುತ್ತೇನೆ ಎಂದೆ. ನನಗೆ ಅರವತ್ತೆರಡು ವರ್ಷ, ನನ್ನ ಎಡಮಂಡಿಗೆ ಎಂಬತ್ತು. ಆದರೂ ಆ ಗೆರೆಯನ್ನು ತೆಗೆಸದೆ ಬಸ್ಸು ಹತ್ತುವುದಿಲ್ಲ.

ಮನೆಯಲ್ಲಿ ಎಲ್ಲರಿಗೂ ಪ್ರೀತಿ. ನೀನು ಗಾಜಿನ ಚೂರು ತುಳಿಯದ ಹಾಗೆ ಚಪ್ಪಲಿ ಹಾಕಿಕೊಂಡೇ ಕೆಲಸ ಮಾಡು.

ನಿನ್ನ ಅಕ್ಕ

ಬೆಟ್ಟದ ಮೇಲಿನ ಊರಿನಿಂದ
ಏಪ್ರಿಲ್ ೧೪

ಪುಟ್ಟ,

ನೀನು ಫೋನಿನಲ್ಲಿ ಕೂಗಿದ್ದು ಪಕ್ಕದಲ್ಲಿದ್ದ ಯಜಮಾನರಿಗೂ ಕೇಳಿಸಿತು. "ಏಳನೇ ನಂಬರಮ್ಮ, ನಿಮ್ಮ ತಮ್ಮನಿಗೆ ಫೋನು ಬೇಕಾಗೇ ಇರಲಿಲ್ಲ" ಅಂದರು. "ಆಗಿಹೋದ ತಪ್ಪು ನಂದು, ನೀನ್ಯಾಕೆ ಮಂಡಿ ಮುರ್ಕೊಳ್ತೀಯ? ಕೆದಕಬೇಡ ಅಕ್ಕಾ" ಎಂದೆಯಲ್ಲ, ಅದನ್ನು ಕೇಳಿದ ಮೇಲಂತೂ ನಿಲ್ಲುವ ಮಾತೇ ಇಲ್ಲ. ಅಂದು ಮಾತಿನ ನಡುವೆಯೇ ಫೋನು ಇಟ್ಟದ್ದಕ್ಕೆ ಕ್ಷಮೆಯಿರಲಿ.

ನಾನೇನೂ ಮೊದಲ ದಿನವೇ ಲಂಗು ಲಗಾಮಿಲ್ಲದೆ ಓಡಿಲ್ಲ. ಒಂದು ದಿನ ಕೆರೆಯ ಸುತ್ತ, ಮರುದಿನ ಗರಗಸದ ಕಾರ್ಖಾನೆಯ ಹಿಂದಿನ ದಿಬ್ಬ, ಅದರ ಮರುದಿನ ಮರಗಳು ಮುಗಿದು ಬರೀ ಹುಲ್ಲು ಶುರುವಾಗುವ ಕಡೆಯವರೆಗೆ. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿ ಬಂದ ಕಡೆ ನಾನು ಕಚೇರಿಯಲ್ಲಿ "ಕಣ್ಣು ನೋಯಿಸ್ತಾನೆ ಇವನು" ಎಂದು ನಿನ್ನನ್ನು ಬೈಯುತ್ತಿದ್ದೆ. ಅಂಥ ಕಡೆ ಕಾಲು ಏನಾಗುತ್ತದೆ ಎಂದು ಈಗ ತಿಳಿಯಿತು. ನಾನು ಏದುಸಿರು ಬಿಡುತ್ತ ಕೂತಾಗ ಎಂಟು ವರ್ಷದ ಹುಡುಗಿಯೊಬ್ಬಳು ಕುಣಿಯುತ್ತ ದಾಟಿಹೋದಳು, ಅಷ್ಟೂ ಸಾಲದೆ ತಿರುಗಿ ನಿಂತು ನನಗೆ ನೀರು ಬೇಕಾ ಎಂದು ಕೇಳಿದಳು.

ಕೋಲು ಬಾಡಿಗೆಗೆ ತರಲು ಚೌಕದ ಅಂಗಡಿಗೆ ಹೋದೆ. ಬೂಟು, ಕೋಲು, ಮಳೆಯಂಗಿ, ನಕ್ಷೆ ಎಲ್ಲ ಅಲ್ಲೇ. ಅಂಗಡಿಯವರು ಕೆಂಪು ಪೆನ್ಸಿಲು ಹಿಡಿದು, ಹೊಸ ನಕ್ಷೆಗಳ ಕಟ್ಟು ಬಿಚ್ಚಿ, ಒಂದೊಂದನ್ನೂ ಹರವಿ ಒಂದೇ ಜಾಗದಲ್ಲಿ ಅಡ್ಡಗೀಟು ಹಾಕುತ್ತಿದ್ದರು. ಯಾವ ಜಾಗ ಎಂದು ಬಾಗಿ ನೋಡಬೇಕಾಗಿರಲಿಲ್ಲ.

"ಇದೊಂದು ನಮ್ಮನೆ ಕೆಲಸ ಆಗ್ಬಿಟ್ಟಿದೆ ಕಣಮ್ಮ" ಎಂದರು. "ಯಾವನೋ ಕಚೇರೀಲಿ ಬೆಚ್ಚಗೆ ಕೂತು ಎಳೆದ. ಹತ್ತೊಂಬತ್ತು ವರ್ಷದಿಂದ ನಾನು ಹೊಡೆದು ಹಾಕ್ತಾ ಇದ್ದೀನಿ. ಹೊಡೆಯದೆ ಒಂದು ಹಾಳೇನೂ ಮಾರಿಲ್ಲ."

"ಯಾವನೋ ಅಲ್ಲ, ಯಾವಳೋ ಇರಬಹುದು" ಎಂದೆ.

"ಯಾರಾದ್ರೇನು, ಅವರ ಕೈಗಿಷ್ಟು ಬೆಂಕಿ ಬೀಳ."

"ಕೊಡಿ ಇಲ್ಲಿ" ಎಂದು ಪೆನ್ಸಿಲು ಇಸಿದುಕೊಂಡೆ. ಉಳಿದಿದ್ದ ನಲವತ್ತು ನಕ್ಷೆಗಳಿಗೂ ನಾನೇ ಗೀಟು ಹಾಕಿದೆ. ಅವರು ಬೆರಗಾಗಿ ನಿಂತರು. "ಪರವಾಗಿಲ್ವೇ, ಈ ವಯಸ್ಸಿಗೂ ಕೈ ನಡುಗೋದೇ ಇಲ್ವಲ್ಲ! ಎಲ್ಲಿ ಕಲಿತ್ರಿ?"

"ಕಚೇರೀಲಿ ಬೆಚ್ಚಗೆ ಕೂತು ಕಲಿತೆ."

ಅವರು ಒಳಗೆ ಹೋಗಿ ಎರಡು ಲೋಟ ಚಹಾ ತಂದರು. ಬಂದ ಕೆಲಸ ಹೇಳಿದೆ. "ಹಾಗಾದ್ರೆ ಹಗ್ಗದವಳನ್ನ ಕರ್ಕೊಂಡು ಹೋಗಿ, ಒಬ್ಬರೇ ಹೋಗ್ಬೇಡಿ" ಎಂದರು. ಕೋಲಿಗೆ ಬಾಡಿಗೆ ಬೇಡ ಎಂದರು, ನಾನು ಕೇಳಲಿಲ್ಲ, ಮೇಜಿನ ಮೇಲೆ ಇಟ್ಟು ಬಂದೆ.

ಹಗ್ಗದವಳು ನಲವತ್ತರ ಆಸುಪಾಸಿನ ಹೆಂಗಸು. ಬೆಟ್ಟದಲ್ಲಿ ದಾರಿ ತೋರಿಸುವುದು, ಸಿಕ್ಕಿಹಾಕಿಕೊಂಡವರನ್ನು ಇಳಿಸಿ ತರುವುದು ಅವಳ ಕೆಲಸ. ಹೆಗಲಿಗೆ ಸದಾ ಹಗ್ಗದ ಸುರುಳಿ, ಬಾಯಲ್ಲಿ ಮಾತು ಕಡಿಮೆ. ಮಾಸ್ತರರನ್ನು ಸ್ಟ್ರೆಚರಿನಲ್ಲಿ ಹೊತ್ತು ಇಳಿಸಿದ ಆರು ಜನರಲ್ಲಿ ಅವಳೂ ಒಬ್ಬಳಂತೆ, ಆಗಿನ್ನೂ ಇಪ್ಪತ್ತು ದಾಟಿರಲಿಲ್ಲವಂತೆ. ಮಾಸ್ತರರು ಈಗಲೂ ಇದ್ದಾರೆ, ಊರುಗೋಲು ಹಿಡಿದು ಶಾಲೆಯ ಹಿಂದಿನ ಮನೆಯಲ್ಲಿ. ಅದನ್ನು ಅವಳು ಹೇಳಿದಾಗ ನಾನು ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದೆ.

ನಿನ್ನೆ ಬೆಳಗಿನ ಆರಕ್ಕೆ ಹೊರಟು ಹನ್ನೊಂದಕ್ಕೆ ಬೋಳು ಬಂಡೆ ಮುಟ್ಟಿದೆವು. ಅಲ್ಲಿಂದ ಕೆಳಕ್ಕೆ ದಾರಿ ಚೆನ್ನಾಗಿಯೇ ಇದೆ. ಟೇಪು ಹಿಡಿದು ಇಳಿಯುತ್ತ ಬಂದೆವು. ಅವಳು ತುದಿ ಹಿಡಿಯುವುದು, ನಾನು ಬರೆಯುವುದು. ಎಂಟುನೂರ ಹತ್ತು ಮೀಟರಿಗೆ ಹುಲ್ಲು ಮುಗಿದು ಸಡಿಲ ಕಲ್ಲು ಬಂತು, ಅದರಾಚೆ ಏನೂ ಇಲ್ಲ. ಹಗ್ಗದವಳು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, "ಈಗ ಮಲಗಿ ನೋಡಿ" ಎಂದಳು. ಹೊಟ್ಟೆಯ ಮೇಲೆ ತೆವಳಿ ಅಂಚಿಗೆ ಹೋಗಿ ಕೆಳಗೆ ನೋಡಿದೆ. ನಾಲ್ಕು ಅಂತಸ್ತಿನ ಮನೆ ಹಾಗೇ ಒಳಗೆ ಇಳಿಸಿಬಿಡಬಹುದು. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಇದರ ಮೇಲೆ ನನ್ನ ಮಸಿ ಇದೆಯಲ್ಲ ಎಂದು.

ಇನ್ನೊಂದು ಮಾತು, ಇದನ್ನು ನಿನಗೆ ಹೇಳಲೆಂದೇ ಇಷ್ಟು ಬರೆದೆ. ಆ ಅಂಚಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ಒಂದು ಕಲ್ಲಿನ ಮೇಲೆ ಉಳಿಯಿಂದ ಕೊರೆದ ಗುರುತಿದೆ. ಕೂಡಿಸುವ ಚಿಹ್ನೆ, ಸುತ್ತ ವೃತ್ತ. ನಿನ್ನದೇ. ಕೊನೆಗೆ ನಿಂತ ಜಾಗದಲ್ಲಿ ಹಾಗೆ ಕೊರೆದೇ ಹಿಂದಿರುಗುತ್ತಿದ್ದವನು ಆ ತಂಡದಲ್ಲಿ ನೀನೊಬ್ಬನೇ. ಹಗ್ಗದವಳಿಗೆ ತೋರಿಸಿದೆ. ಅವಳು ಮುಟ್ಟಿ ನೋಡಿ, "ಇಲ್ಲಿವರೆಗೆ ಬಂದೋರು ಸರಿಯಾಗೇ ನಿಂತಿದ್ದಾರಲ್ಲಮ್ಮ" ಎಂದಳು.

ಕೆಳಗಿನ ಕಡೆ ಬಾಕಿ ಇದೆ. ಮಂಡಿ ಊದಿದೆ, ಎರಡು ದಿನ ಬಿಟ್ಟು ಹೋಗುತ್ತೇನೆ.

ನಿನ್ನ ಅಕ್ಕ

ಬೆಟ್ಟದ ಮೇಲಿನ ಊರಿನಿಂದ
ಏಪ್ರಿಲ್ ೨೧

ಪುಟ್ಟ, ಚಿರಂಜೀವಿಯಾಗಿರು.

ಎರಡು ದಿನ ಎಂದಿದ್ದೆ, ಆರು ದಿನವಾಯಿತು. ಮಂಡಿ ಒಂದು ಕುಂಬಳಕಾಯಿಯಷ್ಟಾಗಿತ್ತು. ಯಜಮಾನರು ಬಿಸಿನೀರಿನ ಚೀಲ ಕೊಟ್ಟು, "ಇನ್ನು ಬೆಟ್ಟ ಸಾಕು, ಇಲ್ಲೇ ಕೂತು ಬೂಟು ಎಣಿಸಿ" ಎಂದರು. ಮೂರನೇ ನಂಬರಿನ ಗಂಡಹೆಂಡತಿ ಔಷಧಿ ಕೊಟ್ಟರು, ಜೊತೆಗೆ ಬುದ್ಧಿವಾದವನ್ನೂ ಕೊಟ್ಟರು. ಔಷಧಿ ಮಾತ್ರ ತೆಗೆದುಕೊಂಡೆ.

ನಿನ್ನೆ ಹೋಗಿ ಬಂದೆ. ಕಲ್ಲುಗುಡಿಸಲಿನವರೆಗೆ ಹಾಲಿನ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಅಲ್ಲಿಂದ ಮೇಲಕ್ಕೆ ಆರುನೂರ ನಲವತ್ತು ಮೀಟರು ಏರು. ಹತ್ತು ಹೆಜ್ಜೆ ಇಡುವುದು, ನಿಲ್ಲುವುದು. ಅರ್ಧಕ್ಕೆ ಬರುವಾಗ ಮಂಜು ಇಳಿಯಿತು. ಹಗ್ಗದವಳು ಆಕಾಶ ನೋಡಿ, "ವಾಪಸ್ ಹೋಗೋಣ್ವಾ?" ಎಂದಳು. ಕೂತು ಕಾಯೋಣ ಎಂದೆ. ಒಂದು ಗಂಟೆ ಕೂತೆವು, ಅವಳ ಬ್ರೆಡ್ಡು ನನ್ನ ಮೊಟ್ಟೆ ಹಂಚಿಕೊಂಡು ತಿಂದೆವು. ಐದು ಹೆಜ್ಜೆ ಆಚೆ ಕೂತಿದ್ದ ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ನೀನು ಅಳೆಯಲು ಬಂದ ದಿನವೂ ಹೀಗೇ ಇತ್ತೇನೋ. ನಾನಾಗ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದೆ.

ಮಂಜು ಸರಿದ ಮೇಲೆ ಮುಗಿಸಿದೆವು. ಈ ಕಡೆಯೂ ದಾರಿ ಕೊರಕಲಿಗಿಂತ ಮೊದಲೇ ನಿಲ್ಲುತ್ತದೆ. ಈ ಕಡೆಯೂ ಒಂದು ಕಲ್ಲಿದೆ, ಅದರ ಮೇಲೆ ಅದೇ ಗುರುತು. ಎರಡೂ ಕಡೆಯಿಂದ ಬಂದು, ಎರಡೂ ಕಡೆ ನಿಂತು, ಹಿಂದಕ್ಕೆ ಹೋಗಿದ್ದೀಯ. ಆ ಕಲ್ಲಿನ ಪಕ್ಕ ಕೂತು ನಾನು ಅತ್ತೆ. ಹಗ್ಗದವಳು ಮಂಡಿ ನೋವು ಎಂದುಕೊಂಡು ಬ್ಯಾಂಡೇಜು ಬಿಗಿಮಾಡಿದಳು.

ಸಂಜೆ ವಸತಿಗೃಹದ ಮೇಜಿನ ಮೇಲೆ ವರದಿ ಬರೆದೆ. ಎರಡು ಅಳತೆ, ಎರಡು ಗುರುತು, ಒಂದು ಚಿತ್ರ. ನಾನು ಸಹಿ ಹಾಕಿದೆ, ಹಗ್ಗದವಳು ಹಾಕಿದಳು, ಅಂಗಡಿಯವರು ನಿಯಮಕ್ಕೆ ಬೇಡವಾದರೂ ಮೂರನೆಯದಾಗಿ ಹಾಕಿದರು. ಇಂದು ಬೆಳಿಗ್ಗೆ ರಿಜಿಸ್ಟರ್ ಅಂಚೆಯಲ್ಲಿ ಕಚೇರಿಗೆ ಹೋಯಿತು. ಮುಂದಿನ ಅಚ್ಚಿನಲ್ಲಿ ಗೆರೆ ಇರುವುದಿಲ್ಲ. ಇದ್ದರೆ ನಾನು ಆ ಕಚೇರಿಯ ಬಾಗಿಲಲ್ಲೇ ಚಾಪೆ ಹಾಸುತ್ತೇನೆ.

ನಿನ್ನ ಕಣ್ಣು ಚೆನ್ನಾಗಿರಲಿ, ಕೈ ಚೆನ್ನಾಗಿರಲಿ. ನಿನ್ನ ಹೆಂಡತಿಗೆ ಇಲ್ಲಿನ ಉಣ್ಣೆಯ ಟೋಪಿ ಕೊಂಡಿದ್ದೇನೆ, ಬಣ್ಣ ಸರಿಯಿಲ್ಲ ಅಂದರೆ ನೀನು ಹಾಕಿಕೊ. ಬರುವ ವಾರ ಹೊರಡುತ್ತೇನೆ.

ನಿನ್ನ ಅಕ್ಕ

ತಾ.ಕ. — ಕವರು ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿ ನಿಜವೂ ಇಲ್ಲ.

ಅಳೆಯಲು ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ. ಮೂಲ ಹಾಳೆ ಕೊಟ್ಟರೂ ಸಾಕು ಎಂದು ನಿಯಮದಲ್ಲಿತ್ತಲ್ಲ. ಆ ಹಾಳೆ ನನ್ನ ಹತ್ತಿರವೇ ಇದೆ. ಹತ್ತೊಂಬತ್ತು ವರ್ಷದಿಂದ ಇದೆ.

ನೀನು ಅದರಲ್ಲಿ ಬರೆದಿದ್ದೆ. ಪೆನ್ಸಿಲ್ ನಕ್ಷೆಯಲ್ಲೂ ಗೆರೆ ಕಡಿದು ಬಿಟ್ಟಿದ್ದೆ. ನಾನು ಎರಡನ್ನೂ ನೋಡಿದೆ. ಮೇಲಿನ ತುದಿ, ಕೆಳಗಿನ ತುದಿ, ಎರಡೂ ಎದುರುಬದುರು ನಿಂತಿದ್ದವು. ಇವು ಸೇರದೆ ಇನ್ನೆಲ್ಲಿಗೆ ಹೋಗುತ್ತವೆ, ಮಂಜು ಎಂದು ಇವನು ಸೋಮಾರಿತನ ಮಾಡಿದ್ದಾನೆ ಎಂದುಕೊಂಡೆ. ಗೆರೆ ಕಡಿದ ಹಾಳೆಗಳನ್ನು ಮೇಲಧಿಕಾರಿ ವಾಪಸ್ಸು ಕಳಿಸುತ್ತಿದ್ದರು, ನನ್ನದು ಒಂದೂ ವಾಪಸ್ಸು ಬಂದಿರಲಿಲ್ಲ. ಆ ಸೊಕ್ಕಿನಲ್ಲಿ ಕೂಡಿಸಿಬಿಟ್ಟೆ. ಪೆನ್ಸಿಲು ಅಳಿಸಿದೆ. ವಿಚಾರಣೆಯ ನೋಟೀಸು ಬಂದ ದಿನ ನಿನ್ನ ಪುಸ್ತಕದ ದಾರ ಬಿಚ್ಚಿ, ಆ ಒಂದು ಹಾಳೆ ತೆಗೆದು, ಮತ್ತೆ ಮೊದಲಿನ ಹಾಗೇ ಗಂಟು ಹಾಕಿದೆ. ನಿಮ್ಮ ಭಾವನಿಗೆ ಆಗ ಕೆಲಸವಿರಲಿಲ್ಲ, ಮಕ್ಕಳು ಚಿಕ್ಕವರು. ಇದನ್ನು ಕಾರಣವೆಂದು ಬರೆಯುತ್ತಿಲ್ಲ, ನಡೆದದ್ದನ್ನು ಬರೆಯುತ್ತಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು, ಎತ್ತು ಸುಮ್ಮನೆ ನಿಂತು ನೋಡಿತು.

ವಿಚಾರಣೆ ಮುಗಿದ ಸಂಜೆ ನೀನು ನನ್ನ ಮನೆಗೆ ಬಂದು ನನ್ನ ಎರಡೂ ಕೈ ಹಿಡಿದು, "ನನ್ನಿಂದ ನಿನ್ನ ಹಾಳೆಗೆ ಕಪ್ಪು ಬಂತು, ಕ್ಷಮಿಸು ಅ‌ಕ್ಕಾ" ಅಂದೆ. ನಾನು "ಆಗಲಿ ಬಿಡು" ಅಂದೆ. ನಿನ್ನನ್ನು ಕ್ಷಮಿಸಿದೆ, ಪುಟ್ಟ!

ಗೆರೆ ಹೋದರೆ ಸಾಕು, ಹಾಳೆ ತೋರಿಸುವ ಗತಿ ಬರದಿರಲಿ ಎಂದೇ ಇಲ್ಲಿಗೆ ಬಂದದ್ದು. ನಿನ್ನೆ ಆ ಎರಡನೆಯ ಕಲ್ಲಿನ ಪಕ್ಕ ಕೂತಾಗ ತಿಳಿಯಿತು. ನಕ್ಷೆ ಸರಿಹೋಗುತ್ತದೆ, ನೀನು ಮಾತ್ರ ಎಲ್ಲರ ಕೈಗೂ ಟೇಪು ಕೊಡುತ್ತಲೇ ಇರುತ್ತೀಯ. ಆದ್ದರಿಂದ ವರದಿಯ ಜೊತೆ ಇದೆಲ್ಲವನ್ನೂ ಬರೆದು, ಬೇರೆ ಸಹಿ ಹಾಕಿ ಕಚೇರಿಗೆ ಕಳಿಸಿದ್ದೇನೆ. ಅವರು ಮಾಡುವುದನ್ನು ಮಾಡಲಿ. ನಾಳೆ ಮಾಸ್ತರರ ಮನೆಗೆ ಹೋಗುತ್ತೇನೆ. ಹಗ್ಗದವಳು ಜೊತೆಗೆ ಬರಲೇ ಎಂದಳು, ಬೇಡ ಎಂದೆ.

ನಿನ್ನ ಸ್ವಭಾವ ನನಗೆ ಗೊತ್ತು. ಈ ಕಾಗದ ಮಡಿಸುವ ಮೊದಲೇ ನನ್ನನ್ನು ಕ್ಷಮಿಸಲು ಹೊರಡುತ್ತೀಯ. ಅವಸರ ಮಾಡಬೇಡ. ಮೊದಲು ಒಂದು ದಿನವಾದರೂ ನನ್ನ ಮೇಲೆ ಸಿಟ್ಟು ಮಾಡು.

ಹಾಳೆ ಇದೇ ಕವರಿನಲ್ಲಿದೆ. "ದಟ್ಟ ಮಂಜು. ಎರಡು ಗುರುತುಗಳ ನಡುವೆ ನಡೆದು ನೋಡಿಲ್ಲ. ಗೆರೆ ಕೂಡಿಸಬಾರದು." ಅಕ್ಷರ ಯಾರದೆಂದು ಹೆಂಡತಿಯನ್ನು ಕರೆದು ಕೇಳಬೇಡ. ಅದು ನಿನ್ನದೇ. ನೀನು ಮರೆತಿರಲಿಲ್ಲ.